ಓಡಾಟದ ಹೊಳೆ, ವಿಹಾರದ ಹೊಳೆ: ಕಬಿನಿಯ ಎರಡು ದಡಗಳಲ್ಲಿ ನೋಡುವವರು ಮತ್ತು ದಾಟುವವರು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಅಕ್ಷರರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಒಂದು ಭಾಗವಿದೆ.)

 ಗಡಿನಾಡ ಕನ್ನಡ ಅಂದ ಕೂಡಲೇ ನಾವು ಶಾಲೆ, ಪಠ್ಯಪುಸ್ತಕ, ನಾಮಫಲಕ, ಮಹಾಜನ ವರದಿ ಇವುಗಳ ಬಗ್ಗೆ ಮಾತಾಡುತ್ತೇವೆ. ಅದು ಬೇಕಾದ್ದೇ. ಆದರೆ ವಯನಾಡಿನ ಕಡೆಯಿಂದ ನೋಡಿದರೆ ಗಡಿ ಅನ್ನುವುದು ಬರೀ ಭಾಷೆಯ ಗೆರೆ ಅಲ್ಲ, ಕೆಲವು ಕಡೆ ಅದೊಂದು ಹೊಳೆ. ಆ ಹೊಳೆಯ ಒಂದು ದಡದಲ್ಲಿ ನಿಂತವರು ಇನ್ನೊಂದು ದಡಕ್ಕೆ ದಿನವೂ ದಾಟಿ ಬದುಕಿದವರು. ಇವತ್ತು ಅದೇ ಹೊಳೆ ದೇಶದಲ್ಲೇ ಹೆಸರಾದ ವಿಹಾರತಾಣ. ದೋಣಿ ಸಫಾರಿ, ಬಿದಿರಿನ ತೆಪ್ಪ, ಆನೆ ನೋಡುವುದು, ಫೋಟೊ ತೆಗೆಯುವುದು. ಈ ಎರಡು ಸಂಗತಿಗಳ ನಡುವಿನ ಚರಿತ್ರೆಯನ್ನು ಹೇಳಬೇಕು ಅಂತ ಈ ವಿಷಯ ಆರಿಸಿಕೊಂಡೆ. ಕಬಿನಿಯಲ್ಲಿ ಒಬ್ಬರ ವಿಹಾರ ಬೆಳೆದಂತೆ ಇನ್ನೊಬ್ಬರ ಓಡಾಟ ಕಿರಿದಾಯಿತು. ಹಾಗೆ ಕಿರಿದಾದದ್ದು ಯಾರದ್ದು, ಯಾವಾಗ, ಹೇಗೆ ಅನ್ನುವುದೇ ನನ್ನ ಪ್ರಶ್ನೆ.

ಮೊದಲು ಹೊಳೆಯ ದಾರಿ. ಕೇರಳದ ನದಿಗಳಲ್ಲಿ ಪೂರ್ವಕ್ಕೆ ಹರಿಯುವುದು ಮೂರೇ ಮೂರು: ಕಬಿನಿ, ಭವಾನಿ, ಪಾಂಬಾರ್. ವಯನಾಡಿನಲ್ಲಿ ಪನಮರಂ ಹೊಳೆ ಮತ್ತು ಮಾನಂತವಾಡಿ ಹೊಳೆ ಕೂಡಿಕೊಂಡು ಕಬಿನಿ ಆಗುತ್ತದೆ. ಅಲ್ಲಿಂದ ಕುರುವಾ ದ್ವೀಪಗಳನ್ನು ಸುತ್ತಿ, ಪುಲ್ಪಳ್ಳಿ ಕಡೆಯ ಪೆರಿಕ್ಕಲ್ಲೂರು ಮತ್ತು ನಮ್ಮ ಬೈರಕುಪ್ಪೆಯ ನಡುವೆ ಗಡಿಯಾಗಿ ಹರಿದು, ಹೆಗ್ಗಡದೇವನಕೋಟೆ ತಾಲೂಕಿಗೆ ಬರುತ್ತದೆ. ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರ, ನಡುವೆ ಅಣೆಕಟ್ಟೆಯ ಹಿನ್ನೀರು. ಆಮೇಲೆ ನಂಜನಗೂಡಿನಲ್ಲಿ ಅದು ಕಪಿಲೆ, ತಿರುಮಕೂಡಲಿನಲ್ಲಿ ಕಾವೇರಿಯ ಜತೆ ಸಂಗಮ. ವಯನಾಡಿನಲ್ಲಿ ಮಳೆ ಜೋರಾದರೆ ಮೈಸೂರಿನ ರೈತ ಕಿವಿ ನಿಮಿರಿಸುತ್ತಾನೆ. ರಾಜ್ಯದಲ್ಲಿ ಬೇಗ ತುಂಬುವ ಜಲಾಶಯಗಳಲ್ಲಿ ಕಬಿನಿಯೂ ಒಂದು, ಅದನ್ನು ತುಂಬಿಸುವುದು ಗಡಿಯಾಚೆಯ ಮೋಡ.

ಬೈರಕುಪ್ಪೆ ಅಂದೆ. ಸರ್ಕಾರಿ ಕಾಗದದಲ್ಲಿ ಅದು ದೊಡ್ಡಬೈರನಕುಪ್ಪೆ, ಅರಣ್ಯ ಇಲಾಖೆಗೆ ಡಿ.ಬಿ. ಕುಪ್ಪೆ, ಆಚೆ ದಡದ ಮಲಯಾಳಿಗಳಿಗೆ ಬೈರಕ್ಕುಪ್ಪ. ಒಂದೇ ಊರಿಗೆ ಮೂರು ಉಚ್ಚಾರ. ಈ ಭಾಗದಲ್ಲಿ ಜನಗಳ ಹೆಸರೂ ಹೀಗೇ ಬದಲಾಗುತ್ತದೆ, ಆ ವಿಚಾರಕ್ಕೆ ಆಮೇಲೆ ಬರ್ತೇನೆ.

ಇನ್ನೊಂದು ಪದ. ವಯನಾಡನ್ನು ಹಳೆಯ ಕನ್ನಡ ಶಾಸನಗಳು ಬಯಲ್ನಾಡು ಅನ್ನುತ್ತವೆ. ಕನ್ನಡದಲ್ಲಿ ಬಯಲು ಅಂದರೆ ತೆರೆದ ಜಾಗ, ಮರವಿಲ್ಲದ ಮೈದಾನ. ಮಲಯಾಳದಲ್ಲಿ ವಯಲ್ ಅಂದರೆ ಗದ್ದೆ, ನೀರು ನಿಲ್ಲುವ ತಗ್ಗು. ಪದ ಒಂದೇ ಬೇರಿನದು, ಅರ್ಥ ಬೇರೆಯಾಗಿದೆ. ನೆಲ ನೋಡಿದರೆ ಮಲಯಾಳದ ಅರ್ಥವೇ ಇಲ್ಲಿಗೆ ಹೆಚ್ಚು ಹೊಂದುತ್ತದೆ: ಎರಡು ಗುಡ್ಡಗಳ ನಡುವೆ ಜೌಗು, ಅದರಲ್ಲಿ ಹುಲ್ಲು ಅಥವಾ ಭತ್ತ. ನಾಗರಹೊಳೆ ಕಾಡಿನೊಳಗೆ ಇಂಥದ್ದೇ ಜೌಗು ಹುಲ್ಲುಗಾವಲಿಗೆ ಹಡ್ಲು ಅಂತಾರೆ. ಬೇಸಗೆಯಲ್ಲಿ ಕಾಡೆಲ್ಲ ಒಣಗಿ ಕಡ್ಡಿಯಾದಾಗ ಆನೆ, ಕಾಟಿ, ಜಿಂಕೆಗಳಿಗೆ ಹಸಿರು ಸಿಗುತ್ತಿದ್ದದ್ದು ಈ ವಯಲ್ ಮತ್ತು ಹಡ್ಲುಗಳಲ್ಲಿ. ಅಂದರೆ ಪ್ರಾಣಿಗಳಿಗೆ ಇದು ಮೊದಲಿನಿಂದಲೂ ಒಂದೇ ನಾಡು. ಪ್ರವಾಸಿ ಕರಪತ್ರಗಳಲ್ಲಿ 'ಕಬಿನಿ' ಅಂದರೆ ಒಂದು ಸರೋವರದ ಚಿತ್ರ ಬರುತ್ತದಲ್ಲ, ಅದು ತೀರ ಈಚಿನದು.

ರಾಜಕೀಯವಾಗಿಯೂ ಈ ಕಣಿವೆ ಒಂದಾಗಿದ್ದ ಕಾಲ ಇತ್ತು. ಪುನ್ನಾಟದ ರಾಜಧಾನಿ ಕೀರ್ತಿಪುರವನ್ನು ಚರಿತ್ರಕಾರರು ಕಬಿನಿ ದಡದ ಕಿತ್ತೂರು ಅಂತ ಗುರುತಿಸುತ್ತಾರೆ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳಲ್ಲಿ ಬಯಲ್ನಾಡನ್ನು ಆಳಿದ ಕದಂಬ ಶಾಖೆಯ ಅರಸರು ಕಾಣಿಸಿಕೊಳ್ಳುತ್ತಾರೆ. ಹೊಳೆಯ ಮೇಲ್ಭಾಗ ವಯನಾಡು, ಕೆಳಭಾಗ ಹೆಗ್ಗಡದೇವನಕೋಟೆ, ಎರಡರ ನಡುವೆ ಅವರಿಗೆ ಗಡಿ ಇರಲಿಲ್ಲ. ವಯನಾಡಿನಲ್ಲಿ ನೆಲೆಸಿದ ಕನ್ನಡ ಮೂಲದ ಜೈನರು, ಪನಮರಂ ಮತ್ತು ಸುಲ್ತಾನ್ ಬತ್ತೇರಿಯ ಹಳೆಯ ಗುಡಿಗಳು, ಇವೆಲ್ಲ ಆ ಓಡಾಟದ ಕುರುಹುಗಳು. ಟಿಪ್ಪುವಿನ ಪತನದ ನಂತರ ವಯನಾಡು ಯಾರಿಗೆ ಸೇರಬೇಕು ಅನ್ನುವ ಗೊಂದಲ ಸ್ವಲ್ಪ ಕಾಲ ಇತ್ತು. 1803ರ ಪೂರಕ ಒಪ್ಪಂದದ ಹೊತ್ತಿಗೆ ಅದು ಕಂಪನಿಯ ಪಾಲಾಯಿತು. ಮೈಸೂರು ಒಂದು ಕಡೆ, ಮಲಬಾರು ಇನ್ನೊಂದು ಕಡೆ. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ಅದೇ ಗೆರೆ ಇನ್ನಷ್ಟು ಗಟ್ಟಿಯಾಯಿತು. ಇದನ್ನು ಇಷ್ಟಕ್ಕೇ ಬಿಡ್ತೇನೆ, ಯಾಕೆಂದರೆ ನನಗೆ ಹೇಳಬೇಕಾದ ವಿಹಾರದ ಚರಿತ್ರೆ ಶುರುವಾಗುವುದು ಆನೆ ಹಿಡಿಯುವಲ್ಲಿ.

ಕಾಕನಕೋಟೆಯ ಖೆಡ್ಡಾ. ಕನ್ನಡದಲ್ಲಿ 'ಖೆಡ್ಡಾಕ್ಕೆ ಬಿದ್ದ' ಅಂತ ನಾವು ಗುಂಡಿಗೆ ಬಿದ್ದ ಅನ್ನುವ ಅರ್ಥದಲ್ಲಿ ಬಳಸುತ್ತೇವೆ. ನಿಜವಾದ ಖೆಡ್ಡಾ ಗುಂಡಿ ಅಲ್ಲ. ಅದು ಮರದ ದಿಮ್ಮಿಗಳಿಂದ ಕಟ್ಟಿದ ದೊಡ್ಡ ದೊಡ್ಡಿ. ನೂರಾರು ಜನ ತಮಟೆ, ಬೆಂಕಿ, ಕೂಗುಗಳಿಂದ ಇಡೀ ಆನೆ ಹಿಂಡನ್ನು ದಿನಗಟ್ಟಲೆ ಅಟ್ಟಿಕೊಂಡು ಬಂದು ಅದರೊಳಕ್ಕೆ ಸೇರಿಸುತ್ತಿದ್ದರು. ಮೈಸೂರಿನಲ್ಲಿ ಇದನ್ನು ಯಶಸ್ವಿಯಾಗಿ ಮಾಡಿದವನು ಜಿ.ಪಿ. ಸ್ಯಾಂಡರ್ಸನ್, 1874ರಲ್ಲಿ, ಚಾಮರಾಜನಗರದ ಸೀಮೆಯಲ್ಲಿ. ಅವನ ಪುಸ್ತಕ 1878ರದ್ದು. ಅದರಲ್ಲೊಂದು ಸ್ವಾರಸ್ಯದ ವಿವರ ಇದೆ: ಅವನಿಗಿಂತ ನೂರು ವರ್ಷ ಮೊದಲು ಹೈದರಾಲಿ ತನ್ನ ಸೈನ್ಯವನ್ನೇ ಹಚ್ಚಿ ಕಾಕನಕೋಟೆ ಕಾಡಿನಲ್ಲಿ ಆನೆ ಹಿಡಿಸಲು ಹೋಗಿ ಸೋತಿದ್ದನಂತೆ. ಇನ್ನು ಮುಂದೆ ಯಾರೂ ಗೆಲ್ಲುವುದಿಲ್ಲ, ಯತ್ನಿಸಿದವರಿಗೆ ಶಾಪ ತಟ್ಟಲಿ ಅಂತ ಕಲ್ಲಿನ ಮೇಲೆ ಬರೆಸಿದ್ದನಂತೆ. ಸೈನ್ಯಕ್ಕೆ ಆಗದ್ದು ಸ್ಯಾಂಡರ್ಸನ್‌ಗೆ ಹೇಗೆ ಆಯಿತು? ಆನೆಯ ದಾರಿ ಬಲ್ಲ ಕಾಡಿನ ಜನ ಅವನ ಜತೆ ಇದ್ದರು. ಹೆಜ್ಜೆ ನೋಡಿ ಹಿಂಡಿನ ಲೆಕ್ಕ ಹೇಳುವವರು, ಗಾಳಿ ಯಾವ ಕಡೆಗಿದೆ ನೋಡಿ ನಿಲ್ಲುವವರು. ಸ್ಯಾಂಡರ್ಸನ್‌ನ ಹೆಸರು ಪುಸ್ತಕದ ಬೆನ್ನಿನ ಮೇಲಿದೆ, ಅವರ ಹೆಸರುಗಳು ಅಲ್ಲಿಲ್ಲ.

ಮುಂದೆ ಖೆಡ್ಡಾ ಕಾಕನಕೋಟೆಗೆ, ಕಬಿನಿ ದಡಕ್ಕೆ ಬಂತು. ಇಲ್ಲಿ ಅದರ ಸ್ವರೂಪವೇ ಬದಲಾಯಿತು ಅನ್ನುವುದು ನನ್ನ ಅಭಿಪ್ರಾಯ. ಆನೆಗಳನ್ನು ಹೊಳೆಗೆ ಇಳಿಸಿ, ನೀರಿನಲ್ಲಿ ಈಜಿಸಿ, ಆಚೆ ದಡದ ದೊಡ್ಡಿಗೆ ಹತ್ತಿಸುವ ಪದ್ಧತಿ ಇಲ್ಲಿಯದು. ಹೊಳೆ ಅಂದರೆ ತೆರೆದ ಜಾಗ, ಅಡ್ಡಿಯಿಲ್ಲದೆ ಕಣ್ಣಿಗೆ ಕಾಣುತ್ತದೆ. ಕಾಡಿನೊಳಗೆ ಯಾರಿಗೂ ಕಾಣದೆ ನಡೆಯುತ್ತಿದ್ದ ಕೆಲಸ ಇಲ್ಲಿ ನೋಟವಾಯಿತು. ದಡದಲ್ಲಿ ಅತಿಥಿಗಳಿಗೆ ಅಟ್ಟಣೆ, ಕಾರಾಪುರದಲ್ಲಿ ಡೇರೆಗಳ ಊರು. 1906ರಲ್ಲಿ, ಮುಂದೆ ಐದನೇ ಜಾರ್ಜ್ ಆದ ರಾಜಕುಮಾರ ಬಂದು ನೋಡಿದ. 1922ರಲ್ಲಿ ಅವನ ಮಗ ಎಡ್ವರ್ಡ್ ಬಂದ. ವೈಸರಾಯ್‌ಗಳು ಬಂದರು. ಆನೆ ಬೇಕಾಗಿದ್ದದ್ದು ಮರ ಎಳೆಯಲಿಕ್ಕೆ, ಸೈನ್ಯಕ್ಕೆ, ಉತ್ಸವಕ್ಕೆ, ಅದೇನೋ ಸರಿ. ಆದರೆ ಇಪ್ಪತ್ತನೇ ಶತಮಾನ ಬರುವಷ್ಟರಲ್ಲಿ ಖೆಡ್ಡಾದ ದಿನವನ್ನು ಆನೆಗಿಂತ ಅತಿಥಿ ನಿರ್ಧರಿಸುತ್ತಿದ್ದ. ಕಬಿನಿಯ ಮೊದಲ 'ಪ್ರವಾಸಿ ಋತು' ಇದೇ ಅಂತ ನಾನು ಹೇಳ್ತೇನೆ.

ಇದಕ್ಕೆ ಒಂದು ಸಿನಿಮಾ ಸಾಕ್ಷಿಯೂ ಇದೆ. 1937ರ 'ಎಲಿಫೆಂಟ್ ಬಾಯ್'. ಕಿಪ್ಲಿಂಗ್‌ನ ಕತೆ, ರಾಬರ್ಟ್ ಫ್ಲಾಹರ್ಟಿ ಇಲ್ಲಿಗೆ ಬಂದು ಚಿತ್ರೀಕರಿಸಿದ, ಝೋಲ್ಟಾನ್ ಕೊರ್ಡಾ ಲಂಡನ್ನಿನಲ್ಲಿ ಉಳಿದದ್ದು ಮಾಡಿದ. ನಾಯಕ ಸಾಬು, ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ. ಅವನು ಹಾಲಿವುಡ್‌ಗೆ ಹೋಗಿ ಅಲ್ಲೇ ಉಳಿದ. ಕಬಿನಿ ದಡದ ಒಬ್ಬ ಹುಡುಗ ಲೋಕಪ್ರಸಿದ್ಧನಾದ ಅಂತ ಹೆಮ್ಮೆಪಡುವುದು ಸರಿಯೇ. ಜತೆಗೆ ಇದನ್ನೂ ನೋಡಿ: ಲೋಕ ಅವನನ್ನು ಗುರುತಿಸಿದ್ದು ಆನೆಯ ಮೇಲೆ ಕೂತಿದ್ದಕ್ಕೆ. ಆಮೇಲೂ ಅವನಿಗೆ ಸಿಕ್ಕ ಪಾತ್ರಗಳು ಹೆಚ್ಚುಕಡಿಮೆ ಅವೇ.

ಕನ್ನಡದ ಕಡೆಯಿಂದ ಮಾಸ್ತಿಯವರ 'ಕಾಕನಕೋಟೆ' ನಾಟಕ ಇದೆ, 1977ರಲ್ಲಿ ಸಿ.ಆರ್. ಸಿಂಹ ಅದನ್ನು ಸಿನಿಮಾ ಮಾಡಿದರು. ಅಲ್ಲಿ ಕಾಡು ಕುರುಬರ ನಾಯಕ ಮೈಸೂರಿನ ಅರಸನ ಎದುರು ನಿಂತು ಮಾತಾಡುತ್ತಾನೆ. ಖೆಡ್ಡಾದ ಅಟ್ಟಣೆಯಿಂದ ನೋಡಿದರೆ ಈ ಜನ ಬರೀ ಕೂಗುವ ಗುಂಪು. ಮಾಸ್ತಿ ಅವರಿಗೆ ಮಾತು ಕೊಟ್ಟರು. ಆ ಮಾತು ಮಾಸ್ತಿಯವರ ಕನ್ನಡದಲ್ಲಿದೆ, ಅವರ ಕನ್ನಡದಲ್ಲಲ್ಲ, ಇರ್ಲಿ. ಆದರೂ ಈ ಕಣಿವೆಯ ಕಾಡುಜನ ಆಧುನಿಕ ಕನ್ನಡದಲ್ಲಿ ಎದುರು ನಿಂತು ವಾದಿಸುವ ಪಾತ್ರಗಳಾದದ್ದಕ್ಕೆ ನಾವು ಅವರಿಗೆ ಋಣಿ.

ಕೊನೆಯ ಖೆಡ್ಡಾ 1971ರಲ್ಲಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ, ಅದೇ ವರ್ಷ ಕೇರಳದಲ್ಲಿ ವಯನಾಡು ವನ್ಯಜೀವಿಧಾಮ. 1974ರಲ್ಲಿ ಕಬಿನಿ ಅಣೆಕಟ್ಟೆ ಮುಗಿಯಿತು, ಬೀಚನಹಳ್ಳಿ ಬಳಿ, ಹತ್ತೊಂಬತ್ತೂವರೆ ಟಿಎಂಸಿ ಸಾಮರ್ಥ್ಯದ್ದು. ಅಭಯಾರಣ್ಯವಾಗಿದ್ದ ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನ. ಇಸವಿಗಳನ್ನು ಯಾಕೆ ಒಂದರ ಹಿಂದೆ ಒಂದು ಹೇಳಿದೆ ಅಂದರೆ, ಮೊದಲ ನಾಲ್ಕು ಸಂಗತಿಗಳು ಕೇವಲ ಮೂರು ನಾಲ್ಕು ವರ್ಷಗಳಲ್ಲಿ ಆದವು. ಒಂದು ತಲೆಮಾರು ಅಲ್ಲ, ಒಂದು ಮಗು ಹುಟ್ಟಿ ಮಾತು ಕಲಿಯುವಷ್ಟು ಸಮಯದಲ್ಲಿ ಹೊಳೆಯೂ ಬದಲಾಯಿತು, ಅದರ ದಡದ ಕಾನೂನೂ ಬದಲಾಯಿತು.

ಅಣೆಕಟ್ಟೆಯ ನೀರಿನಲ್ಲಿ ಊರುಗಳು, ಹಾಡಿಗಳು, ಗದ್ದೆಗಳು, ಖೆಡ್ಡಾ ನಡೆಯುತ್ತಿದ್ದ ಜಾಗ ಎಲ್ಲ ಮುಳುಗಿದವು. ಕಿತ್ತೂರಿನ ಹಳೆಯ ರವಿರಾಮೇಶ್ವರ ಗುಡಿಯೂ ಹಿನ್ನೀರಿಗೆ ಸೇರಿತು, ನೀರು ತೀರ ಇಳಿದ ವರ್ಷಗಳಲ್ಲಿ ಅದು ಹೊರಗೆ ಕಾಣುತ್ತದೆ. ಪುನ್ನಾಟದ ರಾಜಧಾನಿ ಈಗ ಬರಗಾಲದ ಸುದ್ದಿಯಾಗಿ ಮಾತ್ರ ಪತ್ರಿಕೆಯಲ್ಲಿ ಬರುತ್ತದೆ.

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಬೇಸಗೆಯಲ್ಲಿ, ಮಾರ್ಚಿನಿಂದ ಮೇ ತನಕ, ಕಬಿನಿ ಹಿನ್ನೀರಿನ ದಡದಲ್ಲಿ ನೂರಾರು ಆನೆಗಳು ಸೇರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಟ್ಟಾಗಿ ಕಾಣುವ ಜಾಗ ಬಹಳ ಕಡಿಮೆ. ಪ್ರವಾಸಿಗರು ದುಡ್ಡು ಕೊಟ್ಟು ಬರುವುದು ಮುಖ್ಯವಾಗಿ ಈ ನೋಟಕ್ಕೆ. ಇದು ಹೇಗೆ ಆಗುತ್ತದೆ? ಕೆಳಗಿನ ಗದ್ದೆಗಳಿಗೆ, ಊರುಗಳಿಗೆ ನೀರು ಬಿಟ್ಟಂತೆ ಜಲಾಶಯ ಇಳಿಯುತ್ತದೆ. ತಿಂಗಳುಗಟ್ಟಲೆ ನೀರಡಿ ಇದ್ದ ಮೆಕ್ಕಲು ಮಣ್ಣು ಹೊರಬರುತ್ತದೆ. ತೇವ ಇರುವುದರಿಂದ ಅಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಸುತ್ತ ಕಾಡು ಒಣಗಿರುವಾಗಲೇ. ಕುಡಿಯಲು ನೀರು, ತಿನ್ನಲು ಹುಲ್ಲು, ಎರಡೂ ಒಂದೇ ಕಡೆ. ನಾಗರಹೊಳೆ, ಬಂಡೀಪುರ, ವಯನಾಡು, ಮುದುಮಲೆ ಎಲ್ಲ ಒಂದೇ ಹಬ್ಬಿದ ಕಾಡಾದ್ದರಿಂದ ಆನೆಗಳು ಬರುತ್ತವೆ. ಅಂದರೆ, 'ಮನುಷ್ಯ ಮುಟ್ಟದ ಕಾಡು' ಅಂತ ಹೇಳಿ ತೋರಿಸುವ ಈ ನೋಟವನ್ನು ಮಾಡಿಟ್ಟದ್ದು ಒಂದು ನೀರಾವರಿ ಯೋಜನೆ. ಆನೆ ಮೇಯುವ ಹುಲ್ಲಿನಲ್ಲಿ ಒಂದಷ್ಟು, ಜನರನ್ನು ಎಬ್ಬಿಸಿದ ಜಾಗದಲ್ಲಿ ಬೆಳೆದ ಹುಲ್ಲು. ಇದು ಆನೆಯ ತಪ್ಪಲ್ಲ, ನೋಡುವವರ ತಪ್ಪೂ ಅಲ್ಲ. ಆದರೆ ದೋಣಿಯಲ್ಲಿ ಕೂತವರಿಗೆ ಹಕ್ಕಿಗಳ ಹೆಸರನ್ನೆಲ್ಲ ಹೇಳುವಾಗ, ಕೆಳಗೆ ಯಾವ ಊರಿತ್ತು ಅನ್ನುವುದನ್ನೂ ಹೇಳಬಹುದಲ್ಲ?

ವಿಹಾರದ ಎರಡನೇ ಕಾಲ ಶುರುವಾದದ್ದು ಇಲ್ಲಿಂದಲೇ. 1980ರಲ್ಲಿ ಕರ್ನಾಟಕ ಸರ್ಕಾರ ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯ ಜತೆಗೂಡಿ ಜಂಗಲ್ ಲಾಡ್ಜಸ್ ಶುರು ಮಾಡಿತು. ಕಾರಾಪುರದಲ್ಲಿ ಅರಸರ ಕಾಲದ ಬಂಗಲೆಗಳೇ ಪ್ರವಾಸಿ ವಸತಿಯಾದವು. ಹಿಂದೆ ಬೇಟೆಗಾರನಾಗಿದ್ದ ಕರ್ನಲ್ ಜಾನ್ ವೇಕ್‌ಫೀಲ್ಡ್ ಅಲ್ಲಿ ದಶಕಗಳ ಕಾಲ ಇದ್ದು, 2010ರಲ್ಲಿ ತೀರಿಕೊಂಡರು. ಬೇಟೆಯಿಂದ ಕ್ಯಾಮೆರಾಕ್ಕೆ ಆದ ಬದಲಾವಣೆಗೆ ಅವರ ಬದುಕೇ ಒಂದು ಉದಾಹರಣೆ. ಬಂದೂಕು ಹೋಗಿ ಕ್ಯಾಮೆರಾ ಬಂತು, ಇದು ದೊಡ್ಡ ಬದಲಾವಣೆ, ಒಳ್ಳೆಯದೂ ಹೌದು. ಆದರೆ ಮಾವುತರು, ಹರಿಗೋಲು ಹಾಕುವವರು, ಹೆಜ್ಜೆ ಗುರುತಿಸುವವರು, ಬೆಂಕಿ ಕಾಯುವವರು, ಇವರು ಬಂದದ್ದು ಅದೇ ಹಾಡಿಗಳಿಂದ. ನೋಡುವವನ ಕೈಯಲ್ಲಿದ್ದ ವಸ್ತು ಬದಲಾಯಿತು, ತೋರಿಸುವವನ ಸ್ಥಾನ ಹಾಗೇ ಉಳಿಯಿತು.

ಈಗ ಆ ಜನರ ವಿಚಾರ. ಕರ್ನಾಟಕದಲ್ಲಿ ಜೇನು ಕುರುಬರು ಅನ್ನುವವರ ನಂಟರನ್ನು ವಯನಾಡಿನಲ್ಲಿ, ನೀಲಗಿರಿಯಲ್ಲಿ ಕಾಟ್ಟುನಾಯಕರು ಅನ್ನುತ್ತಾರೆ. ತೇನ್ ಕುರುಮರ್ ಅಂತಲೂ ಅನ್ನುವುದುಂಟು, ತೇನ್ ಅಂದರೆ ಜೇನೇ. ಎರಡೂ ರಾಜ್ಯಗಳ ಪಟ್ಟಿಯಲ್ಲಿ ಇವರು ವಿಶೇಷ ದುರ್ಬಲ ಬುಡಕಟ್ಟುಗಳು, ಆದರೆ ಬೇರೆ ಬೇರೆ ಹೆಸರಿನಲ್ಲಿ. ಬೆಟ್ಟ ಕುರುಬರು ಕರ್ನಾಟಕದ ಪಟ್ಟಿಯಲ್ಲಿ ಬಹಳ ಕಾಲ ಆ ಹೆಸರಿನಲ್ಲಿ ಇರಲೇ ಇಲ್ಲ. ಕಾಡು ಕುರುಬಕ್ಕೆ ಸಮನಾದ ಹೆಸರು ಅಂತ ಸಂಸತ್ತು ಒಪ್ಪಿದ್ದು ತೀರ ಇತ್ತೀಚೆಗೆ. ವಯನಾಡಿನ ಅಡಿಯರು ಕೊಡಗಿನಲ್ಲಿ ಯರವರು, ತಮ್ಮನ್ನು ತಾವು ರಾವುಳರು ಅಂದುಕೊಳ್ಳುತ್ತಾರೆ. ಇವರಲ್ಲಿ ಕುರುಬರ ನುಡಿಗಳು ಕನ್ನಡಕ್ಕೆ ಹತ್ತಿರದವು. ಹತ್ತಿರ ಅಂದೆ, ಕನ್ನಡವೇ ಅಂತ ಹೇಳಲಿಲ್ಲ. ಗಡಿನಾಡ ಕನ್ನಡಿಗರ ಪಟ್ಟಿ ಮಾಡುವಾಗ ನಾವು ಇವರನ್ನು ಸೇರಿಸಿಕೊಂಡು ಸಂಖ್ಯೆ ಹೆಚ್ಚಿಸಿಕೊಳ್ಳುತ್ತೇವೆ, ಅವರ ಕಷ್ಟ ಬಂದಾಗ 'ಅದು ಆದಿವಾಸಿ ವಿಷಯ' ಅಂತ ಬೇರೆ ಇಲಾಖೆಗೆ ಕಳಿಸುತ್ತೇವೆ. ಇದು ನನಗೆ ಸರಿ ಕಾಣುವುದಿಲ್ಲ.

ಇವರಿಗೆ ಹೊಳೆ ಏನಾಗಿತ್ತು? ದಾರಿ ಆಗಿತ್ತು. ಮದುವೆಗೆ, ಸಾವಿಗೆ, ದೇವರಿಗೆ ಆಚೆ ದಡಕ್ಕೆ ಹೋಗಬೇಕು. ಮೀನು, ಏಡಿ, ದಡದ ಸೊಪ್ಪು ಸಿಗುವ ಜಾಗ ಆಗಿತ್ತು. ಜತೆಗೆ, ಇದನ್ನು ನಾವು ಮರೆಯಬಾರದು, ಸಂತೋಷದ ಜಾಗವೂ ಆಗಿತ್ತು. ಗೋರೆ ಬಲೆ ಹಿಡಿದು ಹೆಂಗಸರು, ಮಕ್ಕಳು ಗದ್ದೆಯ ತೋಡಿನಲ್ಲಿ ಮೀನು ಹಿಡಿಯುವುದು ಹೊಟ್ಟೆಗೂ ಹೌದು, ನಗುವಿಗೂ ಹೌದು. ಹೊರಾಂಗಣ ವಿಹಾರ ಅನ್ನುವುದು ಪಟ್ಟಣದವರು ತಂದ ವಸ್ತು ಅಲ್ಲ. ಪಟ್ಟಣದವರು ತಂದದ್ದು ಟಿಕೆಟ್ಟು, ಸಮಯ, ಮತ್ತು ನೋಡುವುದು ಮಾತ್ರ, ಮುಟ್ಟುವಂತಿಲ್ಲ ಅನ್ನುವ ನಿಯಮ. ಸಂರಕ್ಷಿತ ಕಾಡಿನೊಳಗೆ ಮೀನು ಹಿಡಿಯುವುದು ಅಪರಾಧವಾಯಿತು. ಒಂದು ಕುಟುಂಬದ ಸಂಜೆ ಅಪರಾಧ, ಇನ್ನೊಂದು ಕುಟುಂಬದ ಸಂಜೆ ಪ್ಯಾಕೇಜ್.

ಬೈರಕುಪ್ಪೆ ಮತ್ತು ಪೆರಿಕ್ಕಲ್ಲೂರಿನ ನಡುವೆ ತೋಣಿ ಕಡವು ಈಗಲೂ ಇದೆ. ತೋಣಿ ಅಂದರೆ ನಮ್ಮ ದೋಣಿ, ಕಡವು ಅಂದರೆ ನಮ್ಮ ಕಡವೇ. ಆಸ್ಪತ್ರೆ, ಅಂಗಡಿ, ಶಾಲೆ, ಶುಂಠಿ ಕೆಲಸ, ಎಲ್ಲದಕ್ಕೂ ಜನ ಅಲ್ಲಿ ದಾಟುತ್ತಾರೆ. ಬೈರಕುಪ್ಪೆಯವರಿಗೆ ಪುಲ್ಪಳ್ಳಿ ಪೇಟೆ ಹತ್ತಿರ, ಹೆಗ್ಗಡದೇವನಕೋಟೆ ದೂರ, ನಡುವೆ ಹುಲಿ ಕಾಡು. ಮೈಸೂರು–ಮಾನಂತವಾಡಿ ರಸ್ತೆ ಬಾವಲಿ ಬಳಿ ಸಂಜೆ ಆರಕ್ಕೆ ಮುಚ್ಚಿದರೆ ಬೆಳಗ್ಗೆ ಆರಕ್ಕೇ ತೆರೆಯುವುದು. ಪ್ರಾಣಿಗಳ ದೃಷ್ಟಿಯಿಂದ ಆ ನಿರ್ಬಂಧ ಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ರಾತ್ರಿ ಹೆರಿಗೆ ನೋವು ಬಂದ ಹೆಂಗಸಿಗೆ ಇರುವ ದಾರಿ ಹೊಳೆ ಮಾತ್ರ. ಸೇತುವೆ ಬೇಕು ಅನ್ನುವ ಬೇಡಿಕೆ ಬಹಳ ಹಳೆಯದು. ಸೇತುವೆ ಬಂದರೆ ಕಾಡಿಗೆ ವಾಹನ ನುಗ್ಗುತ್ತದೆ ಅನ್ನುವ ಭಯವೂ ಸುಳ್ಳಲ್ಲ. ಇದು ಸುಲಭದ ಪ್ರಶ್ನೆ ಅಲ್ಲ, ಆದ್ದರಿಂದಲೇ ಅದನ್ನು ಅಲ್ಲಿಯವರನ್ನು ಕೂರಿಸಿಕೊಂಡು ಮಾತಾಡಬೇಕು.

ಮೇಲಿನ ಕುರುವಾಕ್ಕೆ ಹೋಗೋಣ. ಸುಮಾರು 950 ಎಕರೆ, ಕಬಿನಿಯ ಕವಲುಗಳ ನಡುವೆ ಹರಡಿದ ನಿತ್ಯಹಸಿರಿನ ದ್ವೀಪಗಳ ಗುಂಪು. ಪುಲ್ಪಳ್ಳಿ ಕಡೆಯಿಂದ ಪಾಕ್ಕಂ, ಮಾನಂತವಾಡಿ ಕಡೆಯಿಂದ ಪಾಲ್ವೆಳಿಚ್ಚಂ, ಎರಡು ಪ್ರವೇಶ. ಬಿದಿರು ಕಟ್ಟಿದ ಚಂಗಾಡದಲ್ಲಿ, ಅಂದರೆ ನಮ್ಮ ತೆಪ್ಪದಲ್ಲಿ, ಪ್ರವಾಸಿಗರು ದಾಟುತ್ತಾರೆ. ಮಳೆಗಾಲದಲ್ಲಿ ಹೊಳೆ ಉಕ್ಕಿದಾಗ ಮುಚ್ಚುತ್ತಾರೆ. ಇಲ್ಲಿ ವಿಹಾರ ಕಬಿನಿಯ ವಸತಿಗಳ ಹಾಗೆ ದುಬಾರಿ ಅಲ್ಲ, ಶಾಲೆಯ ಮಕ್ಕಳು, ಸಾಮಾನ್ಯ ಕುಟುಂಬಗಳು ಬಸ್ಸಿನಲ್ಲಿ ಬರುತ್ತಾರೆ. ವನ ಸಂರಕ್ಷಣಾ ಸಮಿತಿಯ ಮೂಲಕ ಊರವರೇ ಮಾರ್ಗದರ್ಶಕರು, ತೆಪ್ಪದವರು. ಹಾಗಾಗಿ ಹೊರಗಿನಿಂದ ಬಂದು ಎಲ್ಲ ವಿಹಾರವೂ ಕೆಟ್ಟದ್ದು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ತೆಪ್ಪ ಕಟ್ಟುವ ವಿದ್ಯೆಗೆ ಕೂಲಿ ಸಿಕ್ಕಿದೆ.

ಆ ಕೂಲಿಯ ಅಪಾಯ ಗೊತ್ತಾದದ್ದು 2024ರ ಫೆಬ್ರವರಿಯಲ್ಲಿ. ಕರ್ನಾಟಕದ ಬೇಲೂರು ಕಡೆ ಹಿಡಿದು, ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಬಂಡೀಪುರದ ಕಾಡಿಗೆ ಬಿಟ್ಟಿದ್ದ ಒಂದು ಮಖ್ನಾ ಆನೆ, ಅಂದರೆ ದಂತವಿಲ್ಲದ ಗಂಡಾನೆ, ವಯನಾಡಿಗೆ ದಾಟಿ ಮಾನಂತವಾಡಿ ಬಳಿ ಒಬ್ಬರನ್ನು ಕೊಂದಿತು. ಮಲಯಾಳದ ಸುದ್ದಿಯಲ್ಲಿ ಅದರ ಹೆಸರೇ 'ಬೇಲೂರ್ ಮಖ್ನಾ'. ಹೊಯ್ಸಳರ ಊರಿನ ಹೆಸರು ವಯನಾಡಿನ ಪ್ರತಿ ಮನೆಯಲ್ಲೂ ಕೇಳಿಸಿದ್ದು ಹೀಗೆ. ಕರ್ನಾಟಕ ಸರ್ಕಾರ ಆ ಕುಟುಂಬಕ್ಕೆ 15 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು, ನಮ್ಮ ದುಡ್ಡು ಪಕ್ಕದ ರಾಜ್ಯಕ್ಕೆ ಯಾಕೆ ಅಂತ ಇಲ್ಲಿ ಗದ್ದಲವಾಯಿತು. ಆನೆ ಹೊಳೆ ದಾಟಿ ನಾಗರಹೊಳೆಗೆ ವಾಪಸಾಯಿತು. ಮಾನಂತವಾಡಿಯ ಆ ಸಾವಾದ ವಾರದೊಳಗೆ ಕುರುವಾದ ಪರಿಸರ ಪ್ರವಾಸೋದ್ಯಮದಲ್ಲೇ ಕೆಲಸ ಮಾಡುತ್ತಿದ್ದ ಊರಿನವರೊಬ್ಬರು ಪಾಕ್ಕಂ ಬಳಿ ಇನ್ನೊಂದು ಆನೆಯ ದಾಳಿಗೆ ಬಲಿಯಾದರು. ಕುರುವಾ ತಿಂಗಳುಗಟ್ಟಲೆ ಮುಚ್ಚಿತು. ವಿಷಯ ಹೈಕೋರ್ಟಿಗೂ ಹೋಯಿತು, ಆಮೇಲೆ ಬರುವವರ ಸಂಖ್ಯೆಗೆ ಮಿತಿ ಹಾಕಿ ತೆರೆದರು. ಮುಚ್ಚಿದ ತಿಂಗಳುಗಳಲ್ಲಿ ಪ್ರವಾಸಿಗೆ ಬೇರೆ ಜಾಗ ಸಿಕ್ಕಿತು, ತೆಪ್ಪದವನಿಗೆ ಬೇರೆ ಹೊಳೆ ಸಿಗಲಿಲ್ಲ.

ಕೆಳಗಿನ ದಡದಲ್ಲೂ ಇದೇ ರೀತಿ. 2025ರ ನವೆಂಬರಿನಲ್ಲಿ ಸರಗೂರು ಭಾಗದ ಹೊಲಗಳಲ್ಲಿ ಹುಲಿ ದಾಳಿಗೆ ರೈತರು ಸತ್ತ ಮೇಲೆ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿ ನಿಲ್ಲಿಸುವ ಆದೇಶ ಬಂತು. ಸಫಾರಿ ವಾಹನಗಳ ಗದ್ದಲಕ್ಕೇ ಹುಲಿಗಳು ಹೊಲಕ್ಕೆ ಬರುತ್ತವೆ ಅನ್ನುವುದು ರೈತರ ವಾದ. ಅದು ಪೂರ್ತಿ ಕಾರಣ ಅಂತ ನನಗನ್ನಿಸುವುದಿಲ್ಲ, ಹುಲಿ ಹೊರಬರಲು ಕಾಡಿನೊಳಗಿನ ಕಾರಣಗಳೂ ಇವೆ. ಆದರೆ ಆ ವಾದದ ಹಿಂದಿನ ಸಿಟ್ಟು ನಿಜ. ಕಾಡಂಚಿನ ರೈತನಿಗೆ ಸಂಜೆ ಹೊಲಕ್ಕೆ ಹೋಗಲು ಭಯ, ಅದೇ ಹೊತ್ತಿಗೆ ಅವನ ಕಣ್ಣೆದುರೇ ವಾಹನಗಳು ಒಳಗೆ ಹೋಗುತ್ತವೆ.

ನಾಗರಹೊಳೆಯ ಮೂರ್ಕಲ್ ಪ್ರಕರಣವನ್ನೂ ಇಲ್ಲಿ ನೆನಪಿಸಬೇಕು. ತೊಂಬತ್ತರ ದಶಕದಲ್ಲಿ ರಾಷ್ಟ್ರೀಯ ಉದ್ಯಾನದ ಒಳಗೇ ಒಂದು ದೊಡ್ಡ ಹೋಟೆಲ್ ಕಂಪನಿಗೆ ವಸತಿ ನಡೆಸಲು ಗುತ್ತಿಗೆ ಕೊಟ್ಟಿದ್ದರು. ಅದೇ ಕಾಡಿನಿಂದ ಆದಿವಾಸಿಗಳನ್ನು ಹೊರಗೆ ಕಳಿಸುವ ಮಾತು ನಡೆದಿತ್ತು. ಹಾಡಿಗಳ ಜನ ಚಳವಳಿ ಮಾಡಿದರು, 1997ರಲ್ಲಿ ಹೈಕೋರ್ಟ್ ಆ ಗುತ್ತಿಗೆಯನ್ನು ಒಪ್ಪಲಿಲ್ಲ. ವಿಹಾರ ಮತ್ತು ವಾಸ, ಎರಡರಲ್ಲಿ ಕಾನೂನು ಯಾವುದಕ್ಕೆ ಬಾಗಿಲು ತೆರೆಯಬೇಕು ಅನ್ನುವ ಪ್ರಶ್ನೆ ಈ ಕಾಡಿನಲ್ಲಿ ಅಷ್ಟು ನೇರವಾಗಿ ಎದ್ದದ್ದು ಆಗಲೇ. ಹೋಟೆಲ್ ಬರಲಿಲ್ಲ. ಆದರೆ ಆಮೇಲೆ ಎಷ್ಟೋ ಕುಟುಂಬಗಳನ್ನು ನಾಗಾಪುರದಂಥ ಪುನರ್ವಸತಿ ಊರುಗಳಿಗೆ ಕಳಿಸಲಾಯಿತು. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಯ 52 ಜೇನು ಕುರುಬ ಕುಟುಂಬಗಳು ಅರಣ್ಯ ಹಕ್ಕು ಕಾಯ್ದೆಯ ಹೆಸರಿನಲ್ಲಿ ತಮ್ಮ ಹಳೆಯ ಜಾಗಕ್ಕೆ ವಾಪಸು ನಡೆದುಕೊಂಡು ಹೋದವು. 2006ರ ಕಾಯ್ದೆ ಅದು. ಅದನ್ನು ಇವರ ಮಟ್ಟಿಗೆ ಜಾರಿಗೆ ತರಲು ಇಷ್ಟು ವರ್ಷ ಸಾಲಲಿಲ್ಲ.

ನನ್ನ ಸಮಯ ಮುಗಿದಿದೆ ಅಂತ ಅಧ್ಯಕ್ಷರು ಬರೆದಿದ್ದಾರೆ. ಇಲ್ಲಿಗೆ ನಿಲ್ಲಿಸ್ತೇನೆ, ಪ್ರಶ್ನೆಗಳಿದ್ದರೆ ಕೇಳಿ.

ಸಂವಾದದಿಂದ

ಪ್ರಶ್ನೆ (ನೀಲಗಿರಿ ಕಡೆಯಿಂದ ಒಬ್ಬರು): ಸರ್, ಹಾಗಾದರೆ ಸಫಾರಿ, ತೆಪ್ಪ ಎಲ್ಲ ನಿಲ್ಲಿಸಬೇಕು ಅನ್ನುತ್ತೀರಾ? ನಮ್ಮ ಕಡೆ ಮುದುಮಲೆಯಲ್ಲೂ ಎಷ್ಟೋ ಮನೆ ಅದರಲ್ಲೇ ನಡೀತಿದೆ.

ಉತ್ತರ: ಇಲ್ಲ, ನಿಲ್ಲಿಸಬೇಕು ಅಂತ ನಾನು ಹೇಳುವುದಿಲ್ಲ. ಜನ ಕಾಡು ನೋಡಬೇಕು, ನೋಡದಿದ್ದರೆ ಅದನ್ನು ಉಳಿಸಬೇಕು ಅಂತ ಅನ್ನಿಸುವುದೂ ಇಲ್ಲ. ನನ್ನ ತಕರಾರು ಎರಡು. ಒಂದು, ಸಂಖ್ಯೆಯ ಮಿತಿ, ಸಮಯ, ಯಾವ ಕಡೆ ಹೋಗಬೇಕು ಅನ್ನುವುದನ್ನು ನಿರ್ಧರಿಸುವಾಗ ಹಾಡಿಯ ಗ್ರಾಮಸಭೆ ಎಲ್ಲೂ ಇಲ್ಲ. ಎರಡು, ದಾಟುವವರ ಹಕ್ಕನ್ನು ನೋಡುವವರ ಹಕ್ಕಿಗಿಂತ ಕೆಳಗಿಟ್ಟಿದ್ದೇವೆ. ಪ್ರವಾಸಿ ದೋಣಿಗೆ ಜೀವರಕ್ಷಕ ಅಂಗಿ, ಜೆಟ್ಟಿ, ತರಬೇತಿ ಎಲ್ಲ ಇದೆ. ಕಡವಿನ ತೋಣಿಯಲ್ಲಿ ಶಾಲೆಗೆ ದಾಟುವ ಮಗುವಿಗೆ ಅದೇ ವ್ಯವಸ್ಥೆ ಯಾಕಿಲ್ಲ? ಹೊಳೆ ಒಂದೇ ತಾನೇ.

ಪ್ರಶ್ನೆ (ಕಾಸರಗೋಡಿನಿಂದ ಒಬ್ಬರು): ಕಾಟ್ಟುನಾಯಕರ ನುಡಿ ಕನ್ನಡ ಅಂತ ಒಪ್ಪಿದರೆ ಅವರ ಮಕ್ಕಳಿಗೆ ಕನ್ನಡ ಶಾಲೆ ಕೇಳಬಹುದಲ್ಲವೇ? ನಾವು ಕಾಸರಗೋಡಿನಲ್ಲಿ ಕೇಳುವ ಹಾಗೆ?

ಉತ್ತರ: ಕೇಳುವುದಾದರೆ ಮೊದಲು ಅವರನ್ನೇ ಕೇಳೋಣ. ವಯನಾಡಿನಲ್ಲಿ ಆ ಮಕ್ಕಳು ಮಲಯಾಳದಲ್ಲಿ ಓದುತ್ತಾರೆ, ಮನೆಯಲ್ಲಿ ತಮ್ಮದೇ ನುಡಿ ಆಡುತ್ತಾರೆ, ಬೈರಕುಪ್ಪೆಯ ನಂಟರ ಜತೆ ಇನ್ನೊಂದು ಬಗೆಯಲ್ಲಿ ಮಾತಾಡುತ್ತಾರೆ. ನಮ್ಮ ಪಠ್ಯಪುಸ್ತಕದ ಕನ್ನಡ ಅವರಿಗೆ ನಾಲ್ಕನೆಯದಾಗುತ್ತದೆ. ನನಗೆ ಬೇಕೆನಿಸುವುದು ಬೇರೆ ಕೆಲಸ: ಹಿನ್ನೀರಿನಡಿ ಹೋದ ಹಾಡಿಗಳ, ಕಡವುಗಳ, ಹಡ್ಲುಗಳ ಹೆಸರುಗಳನ್ನು ಅವರ ನುಡಿಯಲ್ಲೇ ದಾಖಲಿಸುವುದು. ಖೆಡ್ಡಾದ ಕಾಲವನ್ನು ಕಂಡ ಹಿರಿಯರು ಇನ್ನು ಬಹಳ ಮಂದಿ ಉಳಿದಿಲ್ಲ. ಕೊನೆಯ ಖೆಡ್ಡಾಕ್ಕೆ ಕೂಗಲು ಹೋದ ಹುಡುಗನಿಗೆ ಆಗ ಹದಿನೈದು ಅಂದರೂ ಈಗ ಎಪ್ಪತ್ತು ದಾಟಿದೆ. ಎರಡೂ ದಡದಲ್ಲಿ ಹೋಗಿ ಕೂತು ಕೇಳುವವರು ಬೇಕು. ಆಸಕ್ತಿ ಇರುವ ವಿದ್ಯಾರ್ಥಿಗಳು ಈ ಗೋಷ್ಠಿಯಲ್ಲಿ ಇದ್ದರೆ ಆಮೇಲೆ ನನ್ನನ್ನು ಸಂಪರ್ಕಿಸಿ. ಬೇಸಗೆಯಲ್ಲಿ ಹೋಗುವುದು ಒಳ್ಳೆಯದು. ನೀರು ಇಳಿದಿರುತ್ತದೆ, ಅವರು ಜಾಗ ತೋರಿಸಿಯೇ ಹೇಳಬಲ್ಲರು.